ಎರಡು ಪ್ಲೇಟು, ಒಂದೇ ಕೆಂಪು

ಲ್ಯಾಬಿನ ಪ್ಲೇಟಿನ ಮುಚ್ಚಳ ತೆಗೆದು ನೋಡಿದಾಗ ಪುಷ್ಪಲತಾಗೆ ಮೊದಲು ಅನ್ನಿಸಿದ್ದು, ಅಬ್ಬಾ, ಎಷ್ಟು ಚೆಂದ ಇದೆ ಎಂದು. ಐದು ಬೆರಳು ಒತ್ತಿದ್ದ ಜಾಗದಲ್ಲಿ ಐದು ಕೆಂಪು ಗುರುತು. ಯಾರೋ ಬೆರಳ ತುದಿಗಳನ್ನು ಕುಂಕುಮದಲ್ಲಿ ಅದ್ದಿ ಮೆಲ್ಲಗೆ ಊರಿದ ಹಾಗಿತ್ತು. ಪ್ಲೇಟಿನ ಅಡಿಯಲ್ಲಿ ಅವಳದೇ ಅಕ್ಷರದಲ್ಲಿ ಹೆಸರಿತ್ತು: ಅಂಜನಕುಮಾರ, ಸರ್ಜರಿ ವಾರ್ಡು.

ಆಮೇಲೆ ಅನ್ನಿಸಿದ್ದು ಭಯ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ಬೆರಳಲ್ಲಿ ಅಂಥ ಕೆಂಪು ಬೆಳೆಯಬಾರದು. ಅದು ಸೆರಾಟಿಯಾ ಎನ್ನುವ ಬ್ಯಾಕ್ಟೀರಿಯಾ. ನೀರಿನ ಪಸೆ ಇದ್ದಲ್ಲಿ ಸದ್ದಿಲ್ಲದೆ ಸಂಸಾರ ಹೂಡುತ್ತದೆ. ಗಟ್ಟಿಮುಟ್ಟಾದವರ ಮೈಮೇಲೆ ಸುಮ್ಮನಿರುತ್ತದೆ, ಆಪರೇಷನ್ ಆದವರ ಗಾಯಕ್ಕೆ ಇಳಿದರೆ ಕೀವು, ಜ್ವರ, ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ.

ಪಕ್ಕದ ಪ್ಲೇಟು ತೆಗೆದಳು. ಅದರಲ್ಲೂ ಐದು ಬೆರಳು, ಅದೇ ಕೆಂಪು. ಅಡಿಯಲ್ಲಿ ಹೆಸರು: ಸ್ನೇಹಾ, ಸರ್ಜರಿ ವಾರ್ಡು. ಉಳಿದವರ ಪ್ಲೇಟುಗಳನ್ನೆಲ್ಲ ಗಡಿಬಿಡಿಯಲ್ಲಿ ತೆಗೆದು ನೋಡಿದಳು. ಎಲ್ಲರ ಚರ್ಮದ ಮೇಲೂ ಇರುವ ಬಿಳಿ, ಹಳದಿ ಚುಕ್ಕಿಗಳು ಮಾತ್ರ. ಕೆಂಪು ಈ ಇಬ್ಬರದೇ.

ಭಯ ಎಲ್ಲಿ ಹೋಯಿತೋ ಏನೋ, ಪುಷ್ಪಲತಾಳ ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದರು.

ದಾವಣಗೆರೆಯ ಆ ಖಾಸಗಿ ಆಸ್ಪತ್ರೆಯಲ್ಲಿ ಪುಷ್ಪಲತಾ ಮೈಕ್ರೋಬಯಾಲಜಿಸ್ಟು. ಒಬ್ಬ ರೋಗಿಯ ಸೋಂಕು ಇನ್ನೊಬ್ಬ ರೋಗಿಗೆ ದಾಟದಂತೆ ಕಾಯುವ ಉಸ್ತುವಾರಿಯೂ ಅವಳದೇ. ಆಗಾಗ ಬೆಳ್ಳಂಬೆಳಿಗ್ಗೆ ವಾರ್ಡಿಗೆ ಹೋಗಿ, ಡ್ಯೂಟಿಗೆ ಬಂದವರ ಬೆರಳುಗಳನ್ನು ಜೆಲ್ಲಿಯಂಥ ಅಗರ್ ತುಂಬಿದ ಪ್ಲೇಟುಗಳ ಮೇಲೆ ಒತ್ತಿಸುತ್ತಿದ್ದಳು. ಬೆರಳ ಮೇಲೆ ಏನಿದೆಯೋ ಅದು ಆ ಅಗರನ್ನು ತಿಂದು, ಒಂದೆರಡು ದಿನದಲ್ಲಿ ಕಣ್ಣಿಗೆ ಕಾಣುವಷ್ಟು ಬೆಳೆಯುತ್ತಿತ್ತು. ನರ್ಸುಗಳು ಇದಕ್ಕೆ "ಕೈ ಪರೀಕ್ಷೆ" ಎಂದು ಹೆಸರಿಟ್ಟು, ಫೇಲಾದವರನ್ನು ವಾರವಿಡೀ ಗೋಳು ಹೊಯ್ದುಕೊಳ್ಳುತ್ತಿದ್ದರು.

ಅಂಜನಕುಮಾರ ಸರ್ಜರಿ ವಾರ್ಡಿನ ಸ್ಟಾಫ್ ನರ್ಸು. ಹರಿಹರದವನು. ಹೆಣ್ಣು ನರ್ಸನ್ನು ಸಿಸ್ಟರ್ ಅನ್ನುವ ಹಾಗೆ ಗಂಡು ನರ್ಸನ್ನು ಆಸ್ಪತ್ರೆಗಳಲ್ಲಿ ಬ್ರದರ್ ಅನ್ನುತ್ತಾರೆ. ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನ ತನಕ ಎಲ್ಲರಿಗೂ ಅವನು ಅಂಜನ ಬ್ರದರ್. ಇಡೀ ಕಟ್ಟಡದಲ್ಲಿ ಆ ಒಂದು ಪದ ಬಾಯಿಗೆ ಬಾರದವಳು ಪುಷ್ಪಲತಾ ಒಬ್ಬಳೇ. ಒಮ್ಮೆ ಅನ್ನಲು ಹೋಗಿ "ಬ್ರ" ಎಂದು ಕೆಮ್ಮಿದ್ದಳು. ಅವತ್ತಿನಿಂದ ಹೆಸರು ಹಿಡಿದೇ ಕರೆಯುತ್ತಾಳೆ, ಕರೆದಾಗಲೆಲ್ಲ ಕಿವಿ ಬಿಸಿಯಾಗುತ್ತದೆ.

ಸ್ಯಾಂಪಲ್ಲುಗಳನ್ನು ಲ್ಯಾಬಿಗೆ ತರುವುದು ಅಟೆಂಡರ್ ಕೆಲಸ. ಅಂಜನಕುಮಾರ ಮಾತ್ರ ಮೆಟ್ಟಿಲು ಹತ್ತಿ ತಾನೇ ತರುತ್ತಿದ್ದ.

"ಏನ್ ಬೆಳೆದೈತ್ರಿ ಮೇಡಂ ಇವತ್ತು?"

"ನೀವು ತಂದಿದ್ದೇ ಬೆಳೀತೈತೆ. ಒಳ್ಳೇದು ತಂದ್ರೆ ಒಳ್ಳೇದು."

"ಒಳ್ಳೇದು ತಂದ್ರೆ ನಿಮ್ಮ ಪ್ಲೇಟ್‌ನಾಗ ಏನೂ ಬೆಳಿಯಂಗಿಲ್ಲಲ್ರಿ. ಬರೇ ಖಾಲಿ ಪ್ಲೇಟ್ ನೋಡಿ ನಿಮಗೆ ಬ್ಯಾಸರ ಆಗ್ತೈತೆ."

ಇಷ್ಟೇ ಮಾತು. ಇದರಲ್ಲಿ ಪ್ರೀತಿ ಎಲ್ಲಿದೆ ಎಂದು ಕೇಳಿದರೆ ಪುಷ್ಪಲತಾ ಕೂಡ ತೋರಿಸಲಾರಳು. ಆದರೆ ಅವನು ಮೆಟ್ಟಿಲಿಳಿದು ಹೋದ ಮೇಲೆ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರೆ ಸ್ವಲ್ಪ ಹೊತ್ತು ಏನೂ ಕಾಣುತ್ತಿರಲಿಲ್ಲ.

ಎಲ್ಲ ಹೀಗೇ ಚೆನ್ನಾಗಿತ್ತು, ಸ್ನೇಹಾ ಕೆಲಸಕ್ಕೆ ಸೇರುವ ತನಕ. ಅವಳೂ ಹರಿಹರದವಳೇ. ಅವಳೂ ಅದೇ ವಾರ್ಡು, ಅದೇ ಬೆಳಗಿನ ಬಸ್ಸು. ಲ್ಯಾಬಿನ ಕಿಟಕಿಯಿಂದ ಆಸ್ಪತ್ರೆಯ ಗೇಟು ಕಾಣುತ್ತದೆ. ದಿನಾ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ನಡೆದು ಬರುವುದು, ಸ್ನೇಹಾ ಏನೋ ಹೇಳಿ ನಗುವುದು, ಅವನು ನಾಚಿ ತಲೆ ತಗ್ಗಿಸುವುದು, ಅವಳ ಊಟದ ಚೀಲ ಅವನ ಕೈಯಲ್ಲಿರುವುದು, ಎಲ್ಲವೂ ಕಾಣುತ್ತಿತ್ತು. ಅವನು ಹಾಗೆ ನಾಚಿದ್ದನ್ನು ಪುಷ್ಪಲತಾ ಎಂದೂ ಹತ್ತಿರದಿಂದ ಕಂಡಿರಲಿಲ್ಲ. ಸ್ನೇಹಾ ಅವನನ್ನು "ಅಂಜನಣ್ಣ" ಎಂದು ಕರೆಯುತ್ತಿದ್ದುದೇನೋ ನಿಜ. ಆದರೆ ಹೊಟ್ಟೆಕಿಚ್ಚು ಅಂಥ ಸಾಕ್ಷಿಯನ್ನೆಲ್ಲ ಒಪ್ಪುವುದಿಲ್ಲ. ಈ ಕಾಲದಲ್ಲಿ ಅಣ್ಣ ಅನ್ನುವುದಕ್ಕೇನು, ಬಸ್ ಕಂಡಕ್ಟರಿಗೂ ಅನ್ನುತ್ತಾರೆ ಎಂದುಕೊಂಡಳು.

ಈ ಸಲದ ಕೈ ಪರೀಕ್ಷೆಯ ವಿಷಯ ಬಾಯಿಬಿಟ್ಟವಳು ಪುಷ್ಪಲತಾಳೇ. ಗುಟ್ಟಾಗಿರಬೇಕಾದದ್ದು. ಆದರೆ ಶನಿವಾರ ಅವನು ಕೀವಿನ ಸ್ಯಾಂಪಲ್ ಕೊಟ್ಟು ಸುಮ್ಮನೆ ಹೊರಟಾಗ, ಅವನನ್ನು ಇನ್ನೊಂದು ಗಳಿಗೆ ನಿಲ್ಲಿಸಿಕೊಳ್ಳುವ ಆಸೆಗೆ ಅಂದುಬಿಟ್ಟಳು:

"ಸೋಮವಾರ ಬರ್ತೀನಿ ನಿಮ್ಮ ವಾರ್ಡಿಗೆ. ನಿಮ್ಮ ಕೈ ಎಷ್ಟು ಸ್ವಚ್ಛ ಐತೆ ನೋಡೇಬಿಡ್ತೀನಿ."

"ಬರ್ರಿ ಬರ್ರಿ. ನನ್ನ ಪ್ಲೇಟ್ ನೋಡಿ ನಿಮಗೆ ಬ್ಯಾಸರ ಆಗ್ದಿದ್ರೆ ಕೇಳ್ರಿ."

ಸೋಮವಾರ ಅವನು ಬೆರಳು ಒತ್ತುವಾಗ ಪ್ಲೇಟು ಹಿಡಿದಿದ್ದವಳು ಅವಳೇ. ಅವನದು ಉದ್ದ ಬೆರಳು, ಕತ್ತರಿಸಿದ ಉಗುರು. ಅಗರ್ ಹರಿಯದಂತೆ ಹೂವಿನ ಮೇಲೆ ಕೈಯಿಟ್ಟಷ್ಟು ಹಗುರಾಗಿ ಒತ್ತಿದ. ಒತ್ತುತ್ತಾ ಪ್ಲೇಟು ನೋಡಲಿಲ್ಲ, ಅವಳನ್ನು ನೋಡಿದ. ಅವಳು ಗ್ಲೋವ್ಸ್ ಹಾಕಿದ್ದಳು. ಬೆರಳು ಬೆರಳಿಗೆ ತಾಗಲಿಲ್ಲ. ಅವನ ಹಿಂದೆಯೇ ಸ್ನೇಹಾ ನಿಂತಿದ್ದಳು, ತುಟಿ ಕಚ್ಚಿಕೊಂಡು ನಗುತ್ತಾ.

ಈಗ ಲ್ಯಾಬಿನಲ್ಲಿ ಎರಡೂ ಪ್ಲೇಟುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಪುಷ್ಪಲತಾ ಕಲಿತ ವಿದ್ಯೆಯನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದಳು. ಬೆರಳು ಒತ್ತಿಸಿದ್ದು ಡ್ಯೂಟಿ ಶುರುವಾಗುವ ಮೊದಲು. ಇಬ್ಬರೂ ಆಗಿನ್ನೂ ಒಬ್ಬ ರೋಗಿಯನ್ನೂ ಮುಟ್ಟಿಲ್ಲ. ಅಂದರೆ ಕೆಂಪು ವಾರ್ಡಿನದಲ್ಲ, ಹೊರಗಿನಿಂದ ಬಂದದ್ದು. ಹೊರಗಿನಿಂದ ಬಂದವರಲ್ಲಿ ಒಂದೇ ಬಸ್ಸಿನವರು ಇವರಿಬ್ಬರೇ. ಬ್ಯಾಕ್ಟೀರಿಯಾಕ್ಕೆ ರೆಕ್ಕೆಯಿಲ್ಲ, ಕೈಯಿಂದ ಕೈಗೇ ದಾಟಬೇಕು. ಹರಿಹರದಿಂದ ದಾವಣಗೆರೆಯ ತನಕ ಕೈಯಲ್ಲಿ ಕೈ ಇಟ್ಟುಕೊಂಡು ಬಂದಿದ್ದಾರೆ!

ಬೇರೆ ಹುಡುಗಿಯರು ಇಂಥದ್ದನ್ನು ಮೊಬೈಲಿನಲ್ಲಿ ಹುಡುಕುತ್ತಾರೆ, ಗೆಳತಿಯರನ್ನು ಕೇಳುತ್ತಾರೆ. ಇವಳಿಗೆ ಪ್ಲೇಟುಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನಲ್ಲಿ ಸಿಕ್ಕಿತು.

"ಮೇಡಂ, ಎರಡೂ ಒಂದೇ ಥರ ಐತಲ್ರಿ" ಎಂದ ಲ್ಯಾಬ್ ಟೆಕ್ನಿಷಿಯನ್ ಫರ್ದೀನ್, ಅವಳ ಹೆಗಲ ಮೇಲಿಂದ ಇಣುಕಿ. "ಎಲ್ಲಿಂದ ಬಂತು ಅಂತ ಹುಡುಕಬೇಕಲ್ಲ? ನಲ್ಲಿ, ಟ್ರೇ, ಎಲ್ಲಾ ಸ್ವಾಬ್ ತೆಗೆದ್ಬಿಡ್ಲಾ?"

"ಹುಡುಕೋದು ಏನೈತೆ ಫರ್ದೀನ್. ಕಣ್ಣಿಗೆ ಕಾಣ್ತೈತಲ್ಲ."

ಫರ್ದೀನ್‌ಗೆ ಏನೂ ಕಾಣಲಿಲ್ಲ. ಆದರೂ ತಲೆಯಾಡಿಸಿ ಹೋದ.

ಅದೇ ದಿನ ಮಧ್ಯಾಹ್ನ ಮಾಯಕೊಂಡದ ಕೆಂಚವ್ವನ ಗಾಯದ ಕೀವಿನಲ್ಲೂ ಕೆಂಪು ಬೆಳೆದದ್ದು ಕಂಡಿತು. ಕೆಂಚವ್ವ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಪರೇಷನ್ ಮಾಡಿಸಿಕೊಂಡಿದ್ದ ಮುದುಕಿ. ಜ್ವರ ಇಳಿಯದೆ ಮಲಗಿದ್ದಳು. ಬೇರೆ ಯಾರು ಡ್ರೆಸ್ಸಿಂಗ್ ಮಾಡಲು ಹೋದರೂ "ನೀ ಬ್ಯಾಡ, ನನ್ ಮಗನ್ನ ಕರಿ" ಎಂದು ಅಂಜನಕುಮಾರನಿಂದಲೇ ಮಾಡಿಸಿಕೊಳ್ಳುತ್ತಿದ್ದಳು.

ಮುಖ್ಯ ಸರ್ಜನ್ ಡಾ. ಪಂಚಾಕ್ಷರಪ್ಪ ಪುಷ್ಪಲತಾಳನ್ನು ಕರೆಸಿದರು.

"ಎಲ್ಲಿಂದ ಬಂತಮ್ಮ ಇದು?"

ಮೂಲ ಇನ್ನೂ ಗೊತ್ತಾಗಿಲ್ಲ ಸರ್, ಹುಡುಕಬೇಕು. ಇದು ಹೇಳಬೇಕಾಗಿದ್ದ ಮಾತು. ಇದನ್ನೇ ಅವಳು ವರ್ಷಗಟ್ಟಲೆ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದಳು: ಕೈಯಲ್ಲಿ ಸಿಕ್ಕಿದ ಮಾತ್ರಕ್ಕೆ ಕೈಯದೇ ತಪ್ಪಲ್ಲ, ಕೈಗೆ ಎಲ್ಲಿಂದ ಬಂತು ನೋಡಿ. ಆದರೆ ಅವಳ ಕಣ್ಣ ಮುಂದೆ ಬಸ್ಸಿನ ಕಿಟಕಿ ಸೀಟು, ಒಂದರೊಳಗೊಂದು ಹೆಣೆದ ಬೆರಳುಗಳು ಕುಣಿಯುತ್ತಿದ್ದವು.

"ಅಂಜನಕುಮಾರ್, ಸ್ನೇಹಾ, ಇಬ್ಬರ ಕೈಯಾಗೂ ಇದೇ ಐತೆ ಸರ್. ಇಬ್ಬರೂ ಜೊತೇಲೇ ಓಡಾಡ್ತಾರೆ. ಒಬ್ಬರಿಂದ ಒಬ್ಬರಿಗೆ ಬಂದಿರಬೇಕು. ಪೇಷಂಟ್‌ಗೂ ಅಲ್ಲಿಂದಲೇ."

ಕೆಂಪು ಹೋಗುವ ತನಕ ಇಬ್ಬರೂ ಡ್ಯೂಟಿಗೆ ಬರುವುದು ಬೇಡ ಎಂದು ಡಾಕ್ಟರು ಅಪ್ಪಣೆ ಮಾಡಿದರು. ಆ ಕ್ಷಣ ಪುಷ್ಪಲತಾಗೆ ಸಮಾಧಾನವಾಯಿತು. ಮುಚ್ಚಿಡುವುದೇಕೆ, ಖುಷಿಯೇ ಆಯಿತು. ನಾಳೆಯಿಂದ ಗೇಟಿನಲ್ಲಿ ಆ ನಗು ಕಾಣುವುದಿಲ್ಲ ಎಂಬ ಕೆಟ್ಟ ಖುಷಿ.

ಅದು ಅವನು ಮೆಟ್ಟಿಲು ಹತ್ತಿ ಬರುವ ತನಕ ಮಾತ್ರ ಉಳಿಯಿತು. ಈ ಸಲ ಅವನ ಕೈಯಲ್ಲಿ ಸ್ಯಾಂಪಲ್ ಇರಲಿಲ್ಲ. ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು, ಎಲ್ಲಿಡಬೇಕು ಎಂದು ತಿಳಿಯದೆ ಬಾಗಿಲಲ್ಲೇ ನಿಂತ.

"ಮೇಡಂ, ಕೆಂಚವ್ವಗೆ ಜ್ವರ ಬಂದಿದ್ದು ನನ್ನ ಕೈಯಿಂದನಾ?"

ಅವನ ದನಿ ಕೇಳಿ ಅವಳಿಗೆ ಅಯ್ಯೋ ಅನ್ನಿಸಿತು. ಆದರೆ ನಾಲಿಗೆ ಇನ್ನೂ ಉರಿಯುತ್ತಿತ್ತು.

"ನಿಮ್ಮ ಕೈ ಯಾರ ಕೈಯಾಗಿತ್ತೋ ಅವರನ್ನೇ ಕೇಳ್ರಿ."

ಅವನಿಗೆ ಅರ್ಥವಾಗಲಿಲ್ಲ. "ನಾನು ಕೈ ಸ್ವಚ್ಛ ಇಟ್ಕೊಂಡಿದ್ದೆ ಮೇಡಂ" ಎಂದಷ್ಟೇ ಹೇಳಿ ಇಳಿದು ಹೋದ.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಯಾರೂ ನಗಲಿಲ್ಲ. ಗೆದ್ದ ಮೇಲೂ ಹೊಟ್ಟೆಕಿಚ್ಚು ಆರದೆ ಇದ್ದುದು ಪುಷ್ಪಲತಾಗೆ ವಿಚಿತ್ರವೆನಿಸಿತು. ಈಗ ಇಬ್ಬರೂ ಹರಿಹರದಲ್ಲಿ, ದಿನವಿಡೀ ಬಿಡುವು, ಕೈಗೆ ಕೆಲಸವಿಲ್ಲ. ತುಂಗಭದ್ರೆಯ ದಂಡೆಯಲ್ಲಿ ಕೂತು ಸಮಾಧಾನ ಹೇಳಿಕೊಳ್ಳುತ್ತಿರಬಹುದು. ಅವರನ್ನು ದೂರ ಮಾಡಲು ಹೋಗಿ ತಾನೇ ಒಂದು ಕಡೆ ಕೂಡಿಹಾಕಿದೆನಲ್ಲ ಎಂದು ಮೈ ಪರಚಿಕೊಳ್ಳುವಂತಾಯಿತು. ಫರ್ದೀನ್ ಟೀ ತಂದಿಟ್ಟರೆ ಸಿಡುಕಿದಳು. ಆಮೇಲೆ ತಾನೇ ಹೋಗಿ ಅವನಿಗೆ ಮಿರ್ಚಿ ಮಂಡಕ್ಕಿ ಕೊಡಿಸಿ ಬಂದಳು.

ವಾರ್ಡಿನಲ್ಲಿ ಕೆಂಚವ್ವ ಹೊಸ ನರ್ಸಿನ ಕೈ ತಳ್ಳಿ, "ನನ್ ಮಗ ಎಲ್ಲಿ ಹೋದ್ನೇ?" ಎಂದು ಕೇಳುತ್ತಲೇ ಇದ್ದಳು. ಬ್ರದರ್ ಕೈಯಲ್ಲಿ ರೋಗ ಇತ್ತಂತೆ ಎನ್ನುವ ಮಾತು ಅಷ್ಟರಲ್ಲಿ ಕ್ಯಾಂಟೀನ್ ದಾಟಿ ಮಂಡಿಪೇಟೆಯ ಔಷಧಿ ಅಂಗಡಿಗಳ ತನಕ ಹೋಗಿತ್ತು.

ವಾರ ತುಂಬುವುದರೊಳಗೆ ಉಚ್ಚಂಗೆಪ್ಪ ಎನ್ನುವ ರೋಗಿಗೆ ಜ್ವರ ಬಂತು. ಹರ್ನಿಯಾ ಆಪರೇಷನ್ ಆಗಿತ್ತು. ಅವನ ಗಾಯದ ಸ್ಯಾಂಪಲ್ ಇಟ್ಟ ಪ್ಲೇಟು ಕೆಂಪಾಯಿತು.

ಪುಷ್ಪಲತಾ ಕೂತಲ್ಲೇ ತಣ್ಣಗಾದಳು. ಉಚ್ಚಂಗೆಪ್ಪ ಆಸ್ಪತ್ರೆಗೆ ಸೇರಿದ್ದೇ ಆ ಇಬ್ಬರೂ ಹೋದ ಮೇಲೆ. ಅಂಜನಕುಮಾರನ ಕೈ ಅವನ ಮೈ ಮುಟ್ಟಿಯೇ ಇಲ್ಲ. ಕೆಂಪು ಹರಿಹರಕ್ಕೆ ಹೋಗಿಲ್ಲ, ವಾರ್ಡಿನಲ್ಲೇ ಎಲ್ಲೋ ಹಾಯಾಗಿ ಕೂತಿದೆ. ತಾನು ಎರಡು ಹೆಸರು ಹೇಳಿ ಹುಡುಕಾಟ ನಿಲ್ಲಿಸಿದ್ದರಿಂದ ಅದಕ್ಕೆ ಇನ್ನೊಬ್ಬ ಸಿಕ್ಕಿದ.

ಓಡಿದಳು. ಫರ್ದೀನ್‌ನನ್ನು ಕಟ್ಟಿಕೊಂಡು ಸರ್ಜರಿ ವಾರ್ಡಿನ ನಲ್ಲಿ, ಟ್ರೇ, ಹತ್ತಿಯ ಡಬ್ಬಿ, ಗಾಯ ತೊಳೆಯುವ ದ್ರಾವಣ, ಮಂಚದ ಸರಳು, ಏನನ್ನೂ ಬಿಡದೆ ಹತ್ತಿಕಡ್ಡಿ ಆಡಿಸಿ ಸ್ವಾಬ್ ತೆಗೆದಳು. ವಾರ್ಡಿನ ಎಲ್ಲರ ಬೆರಳನ್ನೂ ಮತ್ತೆ ಒತ್ತಿಸಿದಳು. ಕೈಯೆಲ್ಲ ಅಂಟಂಟಾಗಿತ್ತು. ಮೂಲೆಯ ಬೇಸಿನ್ನಿನಲ್ಲಿ ಸೋಪು ಹಾಕಿ ಚೆನ್ನಾಗಿ ತಿಕ್ಕಿ ತೊಳೆದು, ಕೊನೆಯಲ್ಲಿ ತನ್ನ ಬೆರಳನ್ನೂ ಒಂದು ಪ್ಲೇಟಿಗೆ ಒತ್ತಿದಳು. ಪರೀಕ್ಷೆ ಮಾಡುವವರೂ ಪರೀಕ್ಷೆ ಬರೆಯಬೇಕು ಎನ್ನುವುದು ಅವಳೇ ಮಾಡಿದ ನಿಯಮ.

ಎರಡು ದಿನ ಕಳೆದು ನೋಡಿದರೆ ನಲ್ಲಿಯಲ್ಲಿ ಕೆಂಪಿಲ್ಲ. ಟ್ರೇಯಲ್ಲಿ, ಹತ್ತಿಯಲ್ಲಿ, ದ್ರಾವಣದಲ್ಲಿ, ಉಳಿದವರ ಬೆರಳಲ್ಲಿ ಇಲ್ಲ. ಒಂದೊಂದೇ ಪ್ಲೇಟು ತೆಗೆದು ನೋಡುತ್ತಾ ಅವಳು ಕೊನೆಯದಕ್ಕೆ ಬಂದಳು. ಮುಚ್ಚಳ ತೆಗೆದಳು.

ಐದು ಬೆರಳು, ಐದು ಕೆಂಪು ಗುರುತು. ಅಡಿಯಲ್ಲಿ ಹೆಸರು: ಪುಷ್ಪಲತಾ.

ಅವಳು ಮೊದಲು ತನ್ನ ಕೈ ನೋಡಿಕೊಂಡಳು. ಅವನ ಕೈಯನ್ನು ತಾನು ಯಾವತ್ತು ಹಿಡಿದೆ ಎಂದು ಒಂದು ಗಳಿಗೆ ನಿಜವಾಗಿ ಯೋಚಿಸಿದಳು. ಹಿಡಿದಿದ್ದರೆ ನೆನಪಿರುತ್ತಿತ್ತು. ಜನ್ಮದಲ್ಲಿ ಮರೆಯುತ್ತಿರಲಿಲ್ಲ. ಹಾಗಾದರೆ ಪ್ಲೇಟು ಒತ್ತುವ ಮುಂಚೆ ಏನು ಮುಟ್ಟಿದ್ದೆ?

ಸೋಪು!

ಬೇಸಿನ್ನಿನ ಮೇಲಿದ್ದ ಸೋಪಿನ ಬಾಟಲಿ ತಂದು ಪರೀಕ್ಷೆಗೆ ಹಚ್ಚಿದರು. ಅದರೊಳಗೆ ಸೆರಾಟಿಯಾ ತುಂಬು ಕುಟುಂಬವನ್ನೇ ಕಟ್ಟಿಕೊಂಡಿತ್ತು. ಸ್ಟೋರಿನಲ್ಲಿದ್ದ ಹೊಸ ಕ್ಯಾನಿನ ಸೋಪು ಚೊಕ್ಕಟವಾಗಿತ್ತು. ಕೆಟ್ಟದ್ದು ಬಾಟಲಿಗೆ ಬಂದ ಮೇಲೆ. ವಾರ್ಡಿನ ಅಟೆಂಡರ್ ಕಲ್ಲೇಶಪ್ಪ ಅದೇನು ಮಹಾ ಎನ್ನುವಂತೆ ಹೇಳಿದ:

"ತಳಕ್ಕೆ ಬಂದಾಗ ಸ್ವಲ್ಪ ನೀರು ಹಾಕಿ ಅಲ್ಲಾಡಿಸ್ತೀನ್ರಿ. ಮತ್ತೆ ಮೇಲೆ ಒಂದಿಷ್ಟು ಹೊಸಾದು ಹಾಕ್ತೀನಿ. ಚೆಲ್ಲಿದ್ರೆ ದಂಡ ಅಲ್ಲೇನ್ರಿ? ಮನ್ಯಾಗೂ ಶಾಂಪೂ ಹಂಗೇ ಮಾಡೋದು."

ಅವನನ್ನು ಬಯ್ಯಲು ಬಾಯಿ ತೆರೆದ ಪುಷ್ಪಲತಾಗೆ ತನ್ನ ಮನೆಯೇ ನೆನಪಾಯಿತು. ಮಲೆಬೆನ್ನೂರಿನ ಅವಳ ಮನೆಯಲ್ಲೂ ಹಾಗೇ ಮಾಡುವುದು. ದಾವಣಗೆರೆಯ ಅವಳ ಬಾಡಿಗೆ ರೂಮಿನ ಬಾತ್‌ರೂಮಿನಲ್ಲಿ ಅವತ್ತು ಬೆಳಿಗ್ಗೆ ತಾನೇ ನೀರು ಬೆರೆಸಿ ಅಲ್ಲಾಡಿಸಿದ ಬಾಟಲಿಯಿತ್ತು. ನಮ್ಮಲ್ಲಿ ಯಾರ ಮನೆಯಲ್ಲಿಲ್ಲ? ಆದರೆ ಮನೆಯಲ್ಲಿ ಯಾರ ಹೊಟ್ಟೆಯಲ್ಲೂ ಹೊಲಿಗೆ ಇರುವುದಿಲ್ಲ. ಎಂದೂ ಪೂರ್ತಿ ಖಾಲಿಯಾಗದ, ಎಂದೂ ತೊಳೆಯದ, ನೀರು ಕುಡಿದು ತೆಳ್ಳಗಾದ ಆ ಸೋಪಿನಲ್ಲಿ ಬ್ಯಾಕ್ಟೀರಿಯಾ ಸಾಯುವ ಬದಲು ಕೊಬ್ಬಿತ್ತು. ಗಾಯ ತೊಳೆಯುವ ಬಟ್ಟಲುಗಳನ್ನೂ ತುರ್ತಿಗೆ ಅದರಲ್ಲೇ ತಿಕ್ಕುತ್ತಿದ್ದರು. ಕೆಂಚವ್ವನಿಗೆ, ಉಚ್ಚಂಗೆಪ್ಪನಿಗೆ ಹೋದ ದಾರಿ ಅದು.

ಉಳಿದವರ ಬೆರಳಲ್ಲಿ ಕೆಂಪು ಯಾಕಿರಲಿಲ್ಲ ಎನ್ನುವುದೂ ಬೆಳಕಿಗೆ ಬಂತು. ಬಂದವರೇ ಮಂಚದ ಕಾಲಿಗೆ ಸಿಕ್ಕಿಸಿದ ಸ್ಯಾನಿಟೈಸರ್ ಉಜ್ಜಿಕೊಂಡಿದ್ದರು, ಇಲ್ಲವೇ ಏನೂ ಮಾಡಿರಲಿಲ್ಲ. ಅವತ್ತು ಆ ಬಾಟಲಿಯ ಸೋಪು ಹಾಕಿ ತೊಳೆದವರು ಇಬ್ಬರೇ.

ಡಾ. ಪಂಚಾಕ್ಷರಪ್ಪನವರ ಎದುರು ಅವಳು ಕೂರಲಿಲ್ಲ.

"ತಪ್ಪು ನಂದು ಸರ್. ಮೂಲ ಹುಡುಕದೆ ಹೆಸರು ಹೇಳಿದೆ. ಅವರಿಬ್ಬರದೂ ಏನೂ ತಪ್ಪಿಲ್ಲ. ಇದನ್ನ ನೀವು ವಾರ್ಡಿನಾಗ ಎಲ್ಲರ ಮುಂದೆ ಹೇಳಬೇಕು. ಇಲ್ಲಾ ನಾನೇ ಹೇಳ್ತೀನಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಬೇರೆ ಯಾರಾದ್ರೂ ಈ ತಪ್ಪು ಮಾಡಿದ್ರೆ ನೀನು ಬಿಡ್ತಿದ್ಯಾ? ನಿನಗೆ ಏನಾಗಿತ್ತಮ್ಮ?"

ಏನಾಗಿತ್ತು ಎಂದು ಅವರಿಗೆ ಹೇಳಲು ಬರುವಂತಿರಲಿಲ್ಲ. ನೆಲ ನೋಡಿದಳು. ಅವರು ಕನ್ನಡಕ ಹಾಕಿಕೊಂಡರು. ನಾನು ಯಾಕೆ, ನೀನೇ ಹೇಳು ಎಂದರು. ಅವಳು ಎಲ್ಲರ ಮುಂದೆ ನಿಂತು ಹೇಳಿದಳು, ಕಲ್ಲೇಶಪ್ಪನ ಹೆಸರನ್ನು ಎತ್ತದೆ. ವಾರ್ಡಿನ ಬಾಟಲಿಗಳೆಲ್ಲ ಕಸಕ್ಕೆ ಹೋದವು. ಸೋಪು ತುಂಬಿ ಸೀಲ್ ಮಾಡಿದ ಪುಟ್ಟ ಬಾಟಲಿಗಳು ಬಂದವು, ಖಾಲಿಯಾದರೆ ಎಸೆಯುವಂಥವು. ಕೆಂಚವ್ವನಿಗೂ ಉಚ್ಚಂಗೆಪ್ಪನಿಗೂ ತಕ್ಕ ಔಷಧಿ ಹತ್ತಿ ಜ್ವರ ಇಳಿಯಿತು.

ಸ್ನೇಹಾ ಮರುದಿನವೇ ಬಂದಳು. ನೇರ ಲ್ಯಾಬಿಗೆ ಬಂದು, ಸಾರಿ ಹೇಳಲು ಎದ್ದ ಪುಷ್ಪಲತಾಳ ಮಾತನ್ನು ಅರ್ಧಕ್ಕೇ ಕತ್ತರಿಸಿದಳು.

"ನಿಮ್ಮ ಸಾರಿ ನೀವೇ ಇಟ್ಕೊಳ್ರಿ ಮೇಡಂ. ನಮ್ಮಪ್ಪ ನನಗೆ ತಟ್ಟಿ ಲೋಟ ಬ್ಯಾರೆ ಇಟ್ಟಿದ್ದ, ಗೊತ್ತೇನು?"

ಸ್ನೇಹಾ ಊಟದ ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು.

"ಬಸ್ನಾಗ ನಾವು ಏನ್ ಮಾತಾಡ್ತೀವಿ ಅನ್ಕೊಂಡ್ರಿ? ನಿಮ್ದೇ. ಮೇಡಂ ಇವತ್ತು ಹಸಿರು ಸೀರಿ ಉಡ್ತಾರೆ ನೋಡು ಅಂತ ಪಂಥ ಕಟ್ಟೋದು. ನಾನು ಕಾಡ್ಸೋದು, ಅಂಜನಣ್ಣ ನಾಚ್ಕೊಳ್ಳೋದು. ಅವತ್ತು ಸೋಮವಾರ ಬ್ಯಾಗ್ ಇಡೋಕೂ ಬಿಡಲಿಲ್ಲ ಪುಣ್ಯಾತ್ಮ. ಬಾ, ಮೊದ್ಲು ಸೋಪ್ ಹಾಕಿ ಕೈ ತೊಳಿ, ನಮ್ಮ ವಾರ್ಡಿನ ಪ್ಲೇಟ್‌ನಾಗ ಮೇಡಂಗೆ ಒಂದು ಚುಕ್ಕಿನೂ ಕಾಣಬಾರ್ದು ಅಂತ ಎಳ್ಕೊಂಡು ಹೋದ. ಮೊಣಕೈ ತನಕ ತಿಕ್ಕಿದ, ಮದಿವಿಗೆ ಹೋಗೋರಂಗೆ."

ಪುಷ್ಪಲತಾಗೆ ಆಗ ತಿಳಿಯಿತು. ಅವನು ತನಗಾಗಿ ಕೈ ತೊಳೆದಿದ್ದ. ಅದಕ್ಕೇ ಕೆಂಪು ಬೆಳೆದಿತ್ತು. ಅದನ್ನು ನೋಡಿ ತಾನು ಅವನ ಹೆಸರನ್ನು ಹಾಳು ಮಾಡಿದ್ದಳು.

"ಅವರು... ಯಾವಾಗ ಬರ್ತಾರೆ?"

"ಬರಂಗಿಲ್ಲಂತೆ." ಸ್ನೇಹಾಳ ದನಿ ಮೊದಲ ಸಲ ಮೆತ್ತಗಾಯಿತು. "ಅಲ್ಲೇ ಹರಿಹರದಾಗ ಯಾವ್ದೋ ನರ್ಸಿಂಗ್ ಹೋಮ್‌ನವ್ರು ಕರೆದಾರಂತೆ. ಸೋಮವಾರ ಸೇರ್ತಾನಂತೆ."

ಭಾನುವಾರ ಬೆಳಿಗ್ಗೆ ಪುಷ್ಪಲತಾ ಹರಿಹರದ ಬಸ್ಸು ಹತ್ತಿದಳು.

ಹೊಳೆಯ ಕಡೆ ಇಳಿಯುವ ಓಣಿಯಲ್ಲಿ ಅವರ ಮನೆ. ಅಂಜನಕುಮಾರ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ, ಆದರೆ "ಬರ್ರಿ" ಅನ್ನಲಿಲ್ಲ. ಆ ಸೀಮೆಯಲ್ಲಿ ಮನೆಬಾಗಿಲಿಗೆ ಬಂದವರನ್ನು ಬರ್ರಿ ಅನ್ನದೆ ಇದ್ದರೆ ಅದಕ್ಕಿಂತ ದೊಡ್ಡ ಬೈಗುಳ ಬೇರೆ ಬೇಕಿಲ್ಲ.

ಅವಳು ಅವನ ಕೈ ನೋಡಿದಳು. ಗೆಣ್ಣುಗಳೆಲ್ಲ ಬಿರಿದು, ಚರ್ಮ ಸುಲಿದು ಬೆಳ್ಳಗಾಗಿತ್ತು. ಇಷ್ಟು ದಿನ ತೊಳೆದೇ ತೊಳೆದಿದ್ದಾನೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವಳ ಕಣ್ಣು ತುಂಬಿತು.

"ಸೋಪಿನಾಗಿತ್ತು. ನಿಮ್ಮ ಕೈಯಾಗಲ್ಲ."

"ಸ್ನೇಹಾ ಫೋನ್ ಮಾಡಿದ್ಲು."

"ಡ್ಯೂಟಿಗೆ ಬರ್ರಿ. ಕೆಂಚವ್ವ ದಿನಾ ಕೇಳ್ತಾಳೆ."

"ಕೆಂಚವ್ವನ್ನ ಬಂದು ಮಾತಾಡಿಸ್ಕೊಂಡು ಹೋಗ್ತೀನಿ. ಡ್ಯೂಟಿ ಬ್ಯಾಡ್ರಿ." ಅವನು ಕೈಗಳನ್ನು ಹಿಂದೆ ಕಟ್ಟಿಕೊಂಡ. "ಒಂದೇ ಒಂದು ಕೇಳ್ತೀನಿ. ಅವತ್ತು, ನಿಮ್ಮ ಕೈ ಯಾರ ಕೈಯಾಗಿತ್ತೋ ಅಂದ್ರಲ್ಲ. ಅದು ಏನದು? ಇಷ್ಟು ದಿನ ತಲೆ ಕೆಡಿಸ್ಕೊಂಡೀನಿ, ತಿಳೀವಲ್ದು."

ಬಸ್ಸಿನಲ್ಲಿ ಅವಳು ಚೆಂದವಾದ ಮಾತುಗಳನ್ನು ಜೋಡಿಸಿಕೊಂಡಿದ್ದಳು. ಒಂದೂ ಬಾಯಿಗೆ ಬರಲಿಲ್ಲ.

"ನೀವು ಸ್ನೇಹಾ ಕೈ ಹಿಡ್ಕೊಂಡು ಬಸ್ನಾಗ ಬಂದೀರಿ ಅನ್ಕೊಂಡೆ."

ಅವನು ಹುಬ್ಬು ಗಂಟಿಕ್ಕಿದ. "ಯಾರು ಹೇಳಿದ್ರು ನಿಮಗೆ?"

"ಪ್ಲೇಟು."

"ಪ್ಲೇಟ್ ನೋಡಿ... ಕೈ ಹಿಡ್ಕೊಂಡಾರೆ ಅಂತ?"

"ಹ್ಞೂಂ. ಇಬ್ಬರದೂ ಒಂದೇ ಕೆಂಪು ಇತ್ತಲ್ಲ." ಇಲ್ಲಿಗೆ ಬಂದ ಮೇಲೆ ಇನ್ನೇನು ಉಳಿಸಿಕೊಳ್ಳುವುದು ಎಂದು ಅವಳು ತಲೆ ಎತ್ತಿದಳು. "ಹೊಟ್ಟೆಕಿಚ್ಚಾತು ನನಗೆ. ಮೈಯೆಲ್ಲ ಉರೀತು. ಓದಿದ್ದು, ಕಲ್ತಿದ್ದು ಎಲ್ಲಾ ಮರೆತೆ. ದಿನಾ ಕಿಟಕ್ಯಾಗ ನಿಂತು ನೋಡ್ತಿದ್ದೆ, ಅವಳ ಊಟದ ಚೀಲ ನಿಮ್ಮ ಕೈಯಾಗ ಇರೋದು. ನನ್ನ ಚೀಲ ಯಾಕ ಇಲ್ಲ ಅನ್ನಿಸ್ತಿತ್ತು. ನೀವಂದ್ರೆ ನನಗೆ ಇಷ್ಟ. ಅದನ್ನ ನಿಮಗೆ ಹೇಳೋದು ಬಿಟ್ಟು ಡಾಕ್ಟರ್‌ಗೆ ನಿಮ್ಮ ಮ್ಯಾಲೆ ಚಾಡಿ ಹೇಳಿದೆ."

ಅಂಜನಕುಮಾರ ಬಿಗಿದುಕೊಂಡೇ ಇರಲು ಬಹಳ ಕಷ್ಟಪಟ್ಟ. ಮೊದಲು ಕಣ್ಣು ಸೋತಿತು, ಆಮೇಲೆ ತುಟಿಯ ಒಂದು ಕೊನೆ. ಕಿಟಕಿಯಿಂದ ಅಷ್ಟು ದೂರದಲ್ಲಿ ನೋಡಿ ಉರಿದುಕೊಂಡಿದ್ದ ಆ ನಾಚಿಕೆಯನ್ನು ಅವಳು ಈಗ ಒಂದು ಮಾರು ದೂರದಿಂದ ನೋಡಿದಳು.

"ನಾನೂ ಉರ್ಕೊಂಡೀನ್ರಿ" ಎಂದ ಮೆಲ್ಲಗೆ. "ಮೈಕ್ರೋಸ್ಕೋಪ್‌ನಾಗ ಒಂದು ಕಣ್ಣು ಮುಚ್ಚಿ, ಉಸಿರು ಹಿಡ್ದು ನೋಡ್ತೀರಲ್ಲ ಆ ಬ್ಯಾಕ್ಟೀರಿಯಾನ. ಹಂಗೆ ಒಂದಿನ ನನ್ನ ಮಾರಿ ನೋಡಿದ್ರೆ ಎಲ್ಲಾ ಗೊತ್ತಾಗ್ತಿತ್ತು ನಿಮಗೆ. ಪ್ಲೇಟ್ ಬೇಕಾಗ್ತಿರಲಿಲ್ಲ."

ಅವಳು ನೋಡಿದಳು. ಎರಡೂ ಕಣ್ಣು ತೆರೆದು, ಸಾವಕಾಶವಾಗಿ. ಅವನು ನೋಡಿಸಿಕೊಂಡ.

ಆಮೇಲೆ ಅವನ ಮುಖ ಮತ್ತೆ ಗಂಭೀರವಾಯಿತು. "ನನಗೆ ಹೇಳಿದ್ರಿ, ನನ್ನ ಸಿಟ್ಟು ಹೋತು. ಆದ್ರೆ ನಮ್ಮವ್ವ ಓಣ್ಯಾಗ ಮಾರಿ ಎತ್ತಿ ಅಡ್ಡಾಡಿಲ್ಲ. ಆಕಿಗೂ ಹೇಳ್ರಿ. ಇದ್ದದ್ದು ಇದ್ದಂಗೇ ಹೇಳ್ಬೇಕು. ಆಕಿ ಹೋಗು ಅಂದ್ರೆ ಹೋಗ್ತೀನಿ ದಾವಣಗೆರೆಗೆ. ಇಲ್ಲಾಂದ್ರೆ ಇಲ್ಲ."

ಅವನ ತಾಯಿ ತಿಮ್ಮವ್ವ ನಡುಮನೆಯಲ್ಲಿ ಮೊರದ ತುಂಬ ಅಕ್ಕಿ ಹಸನು ಮಾಡುತ್ತಾ ಕೂತಿದ್ದಳು. ಪುಷ್ಪಲತಾ ಎದುರಿಗೆ ನೆಲದ ಮೇಲೆ ಕೂತಳು.

"ನನ್ ಮಗನ ಕೈಯಾಗ ರೋಗ ಐತೆ ಅಂದಾಕಿ ನೀನೇ ಏನವ್ವ?"

"ಹೌದ್ರೀ ಅಮ್ಮ. ಸುಳ್ಳು ಅದು. ನಿಮ್ಮ ಮಗನ ಕೈಯಷ್ಟು ಸ್ವಚ್ಛ ಕೈ ಇಡೀ ಆಸ್ಪತ್ರ್ಯಾಗಿಲ್ಲ. ಆಸ್ಪತ್ರ್ಯಾಗ ಎಲ್ಲರಿಗೂ ಹೇಳಿ ಬಂದೀನಿ. ನಿಮ್ಮ ಓಣ್ಯಾಗೂ ಮನಿ ಮನಿಗೆ ಹೋಗಿ ಹೇಳು ಅಂದ್ರೆ ಹೇಳ್ತೀನಿ."

"ಸುಳ್ಳು ಅಂತ ಈಗ ಅಂತಿ. ಅವತ್ತು ಯಾಕ ಅಂದಿ? ಅವ ಏನ್ ಮಾಡಿದ್ದ ನಿನಗೆ?"

ಡಾಕ್ಟರ ಎದುರು ನೆಲ ನೋಡಿದ್ದಳು. ಇಲ್ಲಿ ನೋಡುವಂತಿರಲಿಲ್ಲ. ಬಾಗಿಲ ಹತ್ತಿರ ಅಂಜನಕುಮಾರ ಗೋಡೆಗೆ ಆತು ನಿಂತಿದ್ದ, ಸಹಾಯಕ್ಕೆ ಬರಲಿಲ್ಲ.

"ಏನೂ ಮಾಡಿರಲಿಲ್ರಿ. ಅವರು ಬ್ಯಾರೆ ಹುಡುಗಿ ಜೋಡಿ ನಕ್ಕೊಂತ ಬರ್ತಿದ್ರು. ನನಗೆ ತಡ್ಕೊಳ್ಳೋಕಾಗಲಿಲ್ಲ."

ಮೊರದಲ್ಲಿ ಆಡುತ್ತಿದ್ದ ತಿಮ್ಮವ್ವನ ಬೆರಳು ನಿಂತವು. ಅವಳನ್ನು ಒಮ್ಮೆ ನೋಡಿದಳು. ಮಗನನ್ನು ನೋಡಿದಳು. ಮಗ ತಟ್ಟನೆ ಗೋಡೆಯ ಕಡೆ ತಿರುಗಿ ಕ್ಯಾಲೆಂಡರ್ ಓದತೊಡಗಿದ್ದ, ಅವನ ಕಿವಿ ಕೆಂಪಾಗಿತ್ತು. ತಿಮ್ಮವ್ವ ಮೊರವನ್ನು ಪಕ್ಕಕ್ಕೆ ಸರಿಸಿ, ಸೆರಗಿನಿಂದ ಕೈ ಒರೆಸಿಕೊಂಡಳು.

"ಯಾವೂರಾತು ನಿಂದು?"

"ಮಲೆಬೆನ್ನೂರ್ರಿ."

"ಮಲೆಬೆನ್ನೂರಾಗ ಯಾರ ಪೈಕಿ?"

ಹೆಣ್ಣು ಹುಡುಕುವ ತಾಯಂದಿರು ಮಾತ್ರ ಹಾಗೆ ಕೇಳುತ್ತಾರೆ. ಗೋಡೆಯ ಕಡೆ ತಿರುಗಿದ್ದವನಿಗೂ ಅದು ಗೊತ್ತು, ಕ್ಯಾಲೆಂಡರಿನ ಮೇಲೆ ಅವನ ಬೆರಳು ನಿಂತುಹೋಯಿತು. ಪುಷ್ಪಲತಾ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತು, ಗುಡ್ಡಪ್ಪನ ಮಗಳು ಎಂದು ತಂದೆಯ ಹೆಸರು ಹೇಳಿದಳು. ಅಜ್ಜನ ಹೆಸರು ಹೇಳಿದಳು. ತಿಮ್ಮವ್ವ ಇನ್ನೂ ಕೇಳಿರಲಿಲ್ಲ, ಆದರೂ ತಾಯಿಯ ತವರು ಯಾವುದೆಂಬುದನ್ನೂ ಹೇಳಿದಳು.